ಬಾನೆಟ್ಟಿನ ಎಡಗಡೆಯ ಸಂದು

ಐರೋಲಿ, ಸೆಕ್ಟರ್ ಎಂಟು
೯ ನವೆಂಬರ್ ೨೦೨೫, ಭಾನುವಾರ

ದಿಶಾಳ ಅಪ್ಪನಿಗೆ,

ಮೋಹಿನಿ ಮಾಡುವ ನಮಸ್ಕಾರ. ನೀವು ಆರಾಮ ಇದ್ದೀರಿ ಎಂದು ಮಸ್ಕತ್‌ನಿಂದ ರಜೆಗೆ ಬಂದ ನಿಮ್ಮ ವಾಸು ಹೇಳಿದ. ಸ್ವಲ್ಪ ದಪ್ಪಗಾಗಿದ್ದೀರಂತೆ, ಓದಲು ಕನ್ನಡಕ ಬಂದಿದೆಯಂತೆ. ಸೊಂಟದ ನೋವು ಹೇಗಿದೆ? ಹೋಟೆಲಿನ ಕೆಲಸದಲ್ಲಿ ದಿನವಿಡೀ ಎಸಿಯಲ್ಲಿ ನಿಂತರೆ ಅದು ಹೆಚ್ಚಾಗುತ್ತದೆ ಎಂದು ನಮ್ಮ ಡಾಕ್ಟರು ಆಗಲೇ ಎಚ್ಚರಿಸಿದ್ದರು. ಬಿಸಿನೀರಿನ ಚೀಲ ಇಲ್ಲೇ ಬಿಟ್ಟು ಹೋಗಿದ್ದಿರಿ. ಮಸ್ಕತ್‌ನಲ್ಲಿ ಇನ್ನೊಂದು ಕೊಂಡಿರುತ್ತೀರಿ, ಅಥವಾ ಕೊಂಡು ತಂದುಕೊಡುವವರು ಈಗ ನಿಮ್ಮ ಜೊತೆಯಲ್ಲಿದ್ದಾರೆ. ಅವರೂ ಆರೋಗ್ಯವಾಗಿರಲಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಮಾತು ಮುಗಿಯುವ ಮೊದಲೇ ನೀವು ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ವಾಸುವಿನ ರಜೆ ಮುಗಿಯಿತು, ಇವತ್ತು ಸಂಜೆ ಡೊಂಬಿವಲಿಯಿಂದ ಏರ್‌ಪೋರ್ಟಿಗೆ ಹೊರಡುತ್ತಾನೆ. ದಾರಿಯಲ್ಲಿ ಇಲ್ಲಿಗೆ ಬಂದು ಇದನ್ನು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಗಾಡಿ ಎತ್ತಿಸಲು ನೀವು ಹೇಳಿ ಕಳಿಸಿದ ಮನುಷ್ಯ ಆ ಕೆಲಸ ಮಾಡದೆ ಏಕೆ ಬಂದ ಎಂದು ನೀವು ಅವನ ಮೇಲೆ ಕೂಗಾಡುವ ಮೊದಲು ಇದನ್ನು ಓದಬೇಕು ಎಂಬುದು ನನ್ನ ಆಸೆ. ಅವನದೇನೂ ತಪ್ಪಿಲ್ಲ.

ನಿಮ್ಮ ಗಾಡಿಯನ್ನು ಯಾರನ್ನು ಕೇಳಿ ಮುಟ್ಟಿದೆ ಎಂದು ಕೇಳಿದ್ದಿರಿ. ಕೇಳಲು ಯಾರೂ ಇರಲಿಲ್ಲ, ಅದೇ ಉತ್ತರ. ನೀವು ಹೋಗಿ ಮೂರು ವರ್ಷ ಆ ಹಳೇ ಇಂಗ್ಲಿಷ್ ಕಾರು ನಮ್ಮ ಕಟ್ಟಡದ ಕೆಳಗೆ ಬೆಳ್ಳಿಬಣ್ಣದ ಕವರ್ ಹೊದ್ದುಕೊಂಡು ನಿಂತಿತ್ತು. ಬಾಗಿಲು ಬಿಚ್ಚಿ ಹಿಂದಿನ ಜಾಗದಲ್ಲಿ ತುರುಕಿದ್ದಿರಿ, ಬಾನೆಟ್ಟು ಹಗ್ಗ ಕಟ್ಟಿಕೊಂಡು ಕೂತಿತ್ತು. ಬೆಕ್ಕು ಅದರೊಳಗೆ ಮರಿ ಹಾಕಿತು. ಮಳೆಗಾಲದಲ್ಲಿ ಸೊಳ್ಳೆ. ಕೊನೆಗೆ ಸೊಸೈಟಿಯವರು ತೆಗೆಯಿರಿ ಇಲ್ಲವಾದರೆ ನಾವೇ ಎತ್ತಿಸುತ್ತೇವೆ ಎಂದರು. ನಾನು ಜಗಳಕ್ಕೆ ಹೋಗಲಿಲ್ಲ. ರಬಾಳೆಯಿಂದ ಗುಜರಿಯವನನ್ನು ಕರೆಸಿದೆ. ಅವನು ಬಂದು ಬೆರಳಿನಿಂದ ಬಡಿದು ನೋಡಿ ನಕ್ಕ. "ಭಾಭೀ, ಯೇ ತೊ ಫೈಬರ್ ಹೈ. ಲೋಹಾ ಹೋತಾ ತೊ ಲೇತಾ. ಇಸ್ಕಾ ಕೋಯೀ ಭಾವ್ ನಹೀಂ," ಎಂದು ಹೋದ. ಕಬ್ಬಿಣವಾಗಿದ್ದರೆ ಕೊಳ್ಳುತ್ತಿದ್ದನಂತೆ. ನಮ್ಮ ಹನ್ನೆರಡು ವರ್ಷದ ಭಾನುವಾರಗಳನ್ನೆಲ್ಲ ತಿಂದ ಗಾಡಿಗೆ ಗುಜರಿಯಲ್ಲೂ ಬೆಲೆ ಇಲ್ಲ ಎಂದು ತಿಳಿದದ್ದು ಹಾಗೆ.

ಆ ದಿನ ನಿಮ್ಮ ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಗುಜರಿಯವನು ಹೋದ ಮೇಲೆ ಸೆರಗಿನಿಂದ ಗಾಡಿಯ ಕನ್ನಡಿ ಒರೆಸಿದರು. "ಮಾರುವುದು ಬೇಡ ಮೋಹಿನಿ. ಅವನಿಗೆ ಮನುಷ್ಯರ ಮೇಲೆ ಇಲ್ಲದಿದ್ದರೂ ಇದರ ಮೇಲೆ ಜೀವ ಉಂಟು. ಇದು ಸರಿ ಆಯ್ತು ಅಂತ ಗೊತ್ತಾದ್ರೆ ಒಮ್ಮೆ ಬಂದೇ ಬರ್ತಾನೆ," ಎಂದರು. ನನಗೆ ಸಿಟ್ಟು ಬಂತು. ಆದರೆ ಮೂರು ವರ್ಷದಲ್ಲಿ ಅತ್ತೆ ನನ್ನಿಂದ ಏನನ್ನೂ ಕೇಳಿರಲಿಲ್ಲ. ನೀವು ಹೋದಾಗ ಊರಿನ ಮಗಳ ಮನೆಗೆ ಹೋಗಿ ಎಂದು ಎಲ್ಲರೂ ಅವರಿಗೆ ಹೇಳಿದರು. "ನನ್ನ ಮಗ ಬಿಟ್ಟು ಹೋದ ಮನೆಯನ್ನು ನಾನೂ ಬಿಟ್ಟು ಹೋಗುವುದು ಹೇಗೆ" ಎಂದು ಇಲ್ಲೇ ಉಳಿದರು. ನಾನು ಕೆಲಸಕ್ಕೆ ಹೋದಾಗ ದಿಶಾಳಿಗೆ ಬಿಸಿ ಅನ್ನ ಹಾಕಿದವರು ಅವರು. ಹಾಗಾಗಿ ಆಗಲಿ ಎಂದೆ.

ಕೋಪರಖೈರಣೆಯಲ್ಲಿ ಮುಂಡಪ್ಪ ಎಂಬವರ ಶೆಡ್ ಇದೆ. ಉಚ್ಚಿಲದ ಕಡೆಯವರು, ಮೊದಲು ಮೀನುಗಾರಿಕೆ ದೋಣಿಗಳಿಗೆ ಫೈಬರ್ ಹಚ್ಚುತ್ತಿದ್ದರು, ಈಗ ಬಸ್ಸಿನ ಮುಂಭಾಗ, ಅಂಗಡಿ ಬೋರ್ಡು ಮಾಡುತ್ತಾರೆ. ಟೆಂಪೊದಲ್ಲಿ ಹಾಕಿ ಅಲ್ಲಿಗೆ ಸಾಗಿಸಿದೆ. ಅವರು ಒಂದು ಸುತ್ತು ಹಾಕಿ, ಡ್ರೈವರ್ ಬಾಗಿಲು ಸಿಕ್ಕಿಸಿ ನೋಡಿ, "ಇದನ್ನು ಮಾಡಿದವ ಯಾರು ಮಾರಾಯ್ತಿ?" ಎಂದು ಕೇಳಿದರು. ನನ್ನ ಗಂಡ ಎಂದೆ. ಮತ್ತೆ ಬೈಯಲಿಲ್ಲ.

ನೀವು ಮಾಡಿದ್ದೇನು ಎಂದು ನಿಮಗೆ ಗೊತ್ತಿದೆಯೋ ಇಲ್ಲವೋ, ಹೇಳುತ್ತೇನೆ. ಕೆಳಗಿನ ಕಬ್ಬಿಣದ ಚೌಕಟ್ಟಿಗೂ ಮೇಲಿನ ಫೈಬರ್ ಮೈಗೂ ನಡುವೆ ಅಲ್ಲಲ್ಲಿ ತೆಳುವಾದ ತಗಡಿನ ಬಿಲ್ಲೆ ಇಟ್ಟು, ಮೈ ಸಮವಾಗಿ ಕೂತ ಮೇಲೆ ಬೋಲ್ಟ್ ಬಿಗಿಯಬೇಕು. ನೀವು ಬಿಲ್ಲೆ ಇಡಲಿಲ್ಲ, ಬಲ ಹಾಕಿ ಬಿಗಿದಿರಿ. ಮೈ ತಿರುಚಿಕೊಂಡಿತು. ಬಾಗಿಲು ಮುಂದೆ ತಾಗತೊಡಗಿತು, ಹಿಂದೆ ಬೆರಳು ತೂರುವಷ್ಟು ಸಂದಾಯಿತು. ಆಗ ನೀವು ಬೋಲ್ಟ್ ಸಡಿಲಿಸುವ ಬದಲು ಗ್ರೈಂಡರ್ ಹಿಡಿದು ಬಾಗಿಲಿನ ಅಂಚನ್ನೇ ಕೊರೆದಿರಿ. ಒಳಗಿನ ನಾರು ಹೊರಬಂದಿತ್ತು. ಆ ಭಾನುವಾರ ನನಗೆ ನೆನಪಿದೆ. ಕೆಳಗಿನಿಂದ ಬಂದವರೇ ನನ್ನ ಮೇಲೆ ಹರಿಹಾಯ್ದಿರಿ, ಟೀ ತಣ್ಣಗಿದೆ ಎಂದು.

"ಕಬ್ಬಿಣ ಆದ್ರೆ ಮೊಣಕಾಲು ಕೊಟ್ಟು ಬಗ್ಗಿಸಬಹುದಿತ್ತು. ಇದು ಬಗ್ಗುವ ಜಾತಿ ಅಲ್ಲ, ಒಡೆಯುವ ಜಾತಿ. ಅಂಚು ಹೊಸದಾಗಿ ಕಟ್ಟಬೇಕು. ನನಗೆ ಇಷ್ಟು ನಾಜೂಕು ಕೆಲಸಕ್ಕೆ ಪುರುಸೊತ್ತಿಲ್ಲ," ಎಂದರು ಮುಂಡಪ್ಪ. ನಾನು ಮಾಡುತ್ತೇನೆ ಎಂದೆ. ಅವರು ನಂಬಲಿಲ್ಲ. ನೀವಾದರೂ ನಂಬುತ್ತಿದ್ದಿರಾ? ನೌಪಾಡಾದ ಡೆಂಟಲ್ ಲ್ಯಾಬಿನಲ್ಲಿ ನಾನು ಇಷ್ಟು ವರ್ಷ ಏನು ಮಾಡುತ್ತೇನೆ ಎಂದು ನೀವು ಒಮ್ಮೆಯೂ ಕೇಳಿದವರಲ್ಲ. "ಹಲ್ಲಿನ ಅಂಗಡಿ" ಎಂದು ನಿಮ್ಮ ಗೆಳೆಯರೆದುರು ನಗುತ್ತಿದ್ದಿರಿ. ಅಲ್ಲಿ ನಾನು ರೆಸಿನ್ ಕಲಸುತ್ತೇನೆ, ಅಚ್ಚು ತೆಗೆಯುತ್ತೇನೆ. ನೀಲಿ ಕಾಗದ ಕಚ್ಚಿಸಿ ನೋಡಿ, ಎಲ್ಲಿ ಕಲೆ ಬಿತ್ತೋ ಅಲ್ಲಿ ಕೂದಲೆಳೆಯಷ್ಟು ಉಜ್ಜುತ್ತೇನೆ. ಕೃತಕ ಹಲ್ಲು ಪಕ್ಕದ ಹಲ್ಲಿಗೆ ಒತ್ತಬಾರದು, ದೂರವೂ ನಿಲ್ಲಬಾರದು. ನನ್ನ ಹೊಟ್ಟೆಪಾಡೇ ಸಂದು ಸರಿಮಾಡುವುದು.

ಲ್ಯಾಬ್ ಮುಗಿಸಿ ಠಾಣೆಯಿಂದ ವಾಶಿಯ ಲೋಕಲ್ ರೈಲು ಹಿಡಿದು, ಐರೋಲಿಯಲ್ಲಿ ಇಳಿಯದೆ ಮುಂದೆ ಕೋಪರಖೈರಣೆಗೆ ಹೋಗುತ್ತಿದ್ದೆ. ಮೊದಲು ಬೋಲ್ಟ್‌ಗಳನ್ನೆಲ್ಲ ಸಡಿಲ ಬಿಟ್ಟೆವು. ಎಂಜಿನ್, ಸೀಟು, ಎಲ್ಲ ಭಾರವೂ ಮೇಲಿದ್ದು ನಾಲ್ಕು ಚಕ್ರ ನೆಲದ ಮೇಲೆ ನಿಂತಿರಬೇಕು, ಇಲ್ಲವಾದರೆ ಶೆಡ್ಡಿನಲ್ಲಿ ಸರಿಯಿದ್ದ ಬಾಗಿಲು ರಸ್ತೆಯಲ್ಲಿ ತಾಗುತ್ತದೆ. ಒಂದೊಂದು ಕಡೆ ಬಿಲ್ಲೆ ಸೇರಿಸುತ್ತ, ತೆಗೆಯುತ್ತ, ಮೈ ತನ್ನಷ್ಟಕ್ಕೆ ಕೂರುವಂತೆ ಮಾಡಿದೆವು. ತಿರುಚಿದ್ದು ಬಿಟ್ಟುಕೊಂಡಾಗ ಎಲ್ಲೋ ಒಳಗಿನಿಂದ ಕಿರ್ರ್ ಎಂದು ಸದ್ದು ಬಂತು. ನಾನು ಹೆದರಿದೆ. ಮುಂಡಪ್ಪ, "ಒಡೆದದ್ದಲ್ಲ, ಉಸಿರು ಬಿಟ್ಟದ್ದು" ಎಂದರು. ಆಮೇಲೆ ಬಾಗಿಲು. ನೀವು ಕೊರೆದ ಅಂಚಿಗೆ ಪದರ ಪದರವಾಗಿ ನಾರು ಮತ್ತು ರೆಸಿನ್ ಹಚ್ಚಿ, ಒಣಗಿಸಿ, ಮರದ ಪಟ್ಟಿಗೆ ಉಪ್ಪುಕಾಗದ ಸುತ್ತಿ ಕೈಯಿಂದಲೇ ಉಜ್ಜಿದೆ. ತಾಗುವ ಜಾಗ ಹುಡುಕಲು ಲ್ಯಾಬಿನ ನೀಲಿ ಕಾಗದ. ಸಂದು ಅಳೆಯಲು ಕಪಾಟಿನಲ್ಲಿ ಬಿದ್ದಿದ್ದ ನಿಮ್ಮ ಹಳೆಯ ವಿಸಿಟಿಂಗ್ ಕಾರ್ಡ್‌ಗಳನ್ನು ಒತ್ತಾಗಿ ಜೋಡಿಸಿ ಟೇಪ್ ಸುತ್ತಿಕೊಂಡೆ. ಬಾಗಿಲಿನ ಮೇಲಿನಿಂದ ಕೆಳಗಿನವರೆಗೆ ಅದು ಒಂದೇ ಬಿಗಿಯಲ್ಲಿ ಜಾರಬೇಕು. ನಿಮ್ಮ ಹೆಸರು ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಒಮ್ಮೆ ಎಲ್ಲ ಹಾಳಾಯಿತು. ಬಾಗಿಲು ಸರಿಯಾಗಿ ಕೂತಿತೆಂದು ಬಣ್ಣಕ್ಕೂ ಕೊಟ್ಟು ಬಂದ ಮೇಲೆ ಹೊಸ ರಬ್ಬರ್ ಪಟ್ಟಿ ಹಾಕಿದರೆ, ಆ ರಬ್ಬರು ಬಾಗಿಲನ್ನು ಹೊರಕ್ಕೆ ತಳ್ಳಿತು. ಮೈಗಿಂತ ಒಂದು ನೂಲು ಹೊರಗೆ. ರಬ್ಬರ್ ಮೊದಲೇ ಹಾಕಿ ಅಳೆಯಬೇಕಿತ್ತು, ನಮಗಿಬ್ಬರಿಗೂ ಹೊಳೆಯಲಿಲ್ಲ. ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂತು ನಾನು ಅತ್ತುಬಿಟ್ಟೆ. ಗಾಡಿಗಾಗಿ ಅತ್ತದ್ದೇ, ಬೇರೆ ಯಾವುದಕ್ಕೂ ಅಲ್ಲ. ದಿಶಾ ಬಂದು ನನ್ನ ಮುಖದ ಧೂಳು ನೋಡಿ, "ಮಮ್ಮೀ, ಛೋಡ್ ನಾ. ಪಪ್ಪಾ ಕೆ ಲಿಯೇ ಇತ್ನಾ ಕ್ಯೋಂ?" ಎಂದಳು, ಅಪ್ಪನಿಗಾಗಿ ಇಷ್ಟೆಲ್ಲ ಏಕೆ ಎಂದು. ನಿನ್ನ ಅಪ್ಪನಿಗಾಗಿ ಅಲ್ಲ ಎಂದೆ. ಹೇಳುವಾಗ ಸುಳ್ಳೆನಿಸಲಿಲ್ಲ. ಅಷ್ಟು ಹೊತ್ತಿಗೆ ನನಗೆ ಆ ಕೆಲಸ ಹಿಡಿದುಬಿಟ್ಟಿತ್ತು. ಅತ್ತೆಯ ಆಸೆಯಿಂದ ಶುರುವಾದದ್ದು ಹೌದು, ಮುಗಿಸಿದ್ದು ಮಾತ್ರ ನನಗೋಸ್ಕರ. ಮತ್ತೆ ಅಂಚು ಉಜ್ಜಿದೆ, ಮತ್ತೆ ಬಣ್ಣ ಹೊಡೆಸಿದೆ. ನಿಮಗಿಷ್ಟದ ಹಳದಿಯನ್ನೇ, ಏಕೆಂದರೆ ಅದು ಆ ಗಾಡಿಗೆ ಒಪ್ಪುತ್ತದೆ.

ಗಣಪತಿ ಹಬ್ಬ ಕಳೆದ ಮೇಲೆ ಗಾಡಿ ಮನೆಗೆ ಬಂತು. ಅತ್ತೆ ಕೆಳಗಿಳಿದು ಬಂದರು, ಹತ್ತಿರ ಬಂದು ಕೈ ಹಿಂದೆ ಕಟ್ಟಿಕೊಂಡು ನಿಂತರು. "ಅಮ್ಮಾ ಮುಟ್ಟಬೇಡಿ, ಬೆರಳಿನ ಗುರುತು ಬೀಳ್ತದೆ" ಎಂದು ನೀವು ಕಲಿಸಿದ ಅಭ್ಯಾಸ. ನಾನು ಅವರ ಕೈ ಹಿಡಿದು ಬಾಗಿಲಿನ ಮೇಲೆ ಇಟ್ಟೆ. ಭಾನುವಾರ ಬೆಳಿಗ್ಗೆ ದಿಶಾ ಅವರನ್ನು ಕೂರಿಸಿಕೊಂಡು ಹೊರಟಳು. ಇರುವುದು ಎರಡೇ ಸೀಟು, ನಾನು ಗೇಟಿನಲ್ಲಿ ನಿಂತು ನೋಡಿದೆ. ಹಿನ್ನೀರಿನ ಖಾಡಿಯ ಸೇತುವೆ ದಾಟಿ, ಠಾಣೆ ಸುತ್ತಿ, ನೌಪಾಡಾದಲ್ಲಿ ಬನ್ಸ್ ತಿಂದು ಬಂದರು. ಅತ್ತೆಯ ಕೂದಲೆಲ್ಲ ಕೆದರಿತ್ತು. "ನಾಯಿಯ ಎತ್ತರದಲ್ಲಿ ಕೂತ ಹಾಗೆ ಆಗ್ತದೆ, ಲಾರಿ ಚಕ್ರ ಎಲ್ಲ ಮುಖದ ಹತ್ತಿರವೇ!" ಎಂದು ನಗುತ್ತ, ಮೆಟ್ಟಿಲಿನಲ್ಲೇ ಕೂತು ಸುಧಾರಿಸಿಕೊಂಡರು. ಅವರು ಹಾಗೆ ನಕ್ಕದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿರಲಿಲ್ಲ.

ಸಿಗ್ನಲ್ಲಿನಲ್ಲಿ ಆ ಹಿತೇಶ್ ಎಂಬ ಹಳೇ ಗಾಡಿಗಳ ಹುಚ್ಚಿನ ಹುಡುಗ ವೀಡಿಯೊ ತೆಗೆದದ್ದು ಆ ದಿನವೇ. ಗ್ಯಾಪ್ ಇಷ್ಟು ಸಮ ಯಾರು ಮಾಡಿದ್ದು ಎಂದು ಕೇಳಿದನಂತೆ. "ಮೇರೀ ಮಮ್ಮೀ ನೇ" ಎಂದು ದಿಶಾ ಹೇಳಿದ್ದೂ ಅದರಲ್ಲಿದೆ. ಅದು ಊರೆಲ್ಲ ಸುತ್ತಿ ಮಸ್ಕತ್‌ಗೂ ಬಂತು. ನೀವು ಫೋನ್ ಮಾಡಿದಿರಿ.

ಒಂದೂವರೆ ವರ್ಷದ ಮೇಲೆ ನಿಮ್ಮ ನಂಬರು ಕಂಡಾಗ ಅತ್ತೆ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. ನೀವು ಏನೆಂದಿರಿ ಎಂದು ನಿಮಗೆ ಮರೆತಿರಬಹುದು. "ಯಾರನ್ನು ಕೇಳಿ ಮುಟ್ಟಿದ್ದು ನೀನು? ಬಾನೆಟ್ಟಿನ ಎಡಗಡೆ ಗ್ಯಾಪ್ ಜಾಸ್ತಿ ಉಂಟು. ಹಾಳು ಮಾಡಿದ್ದೀ. ವಾಸು ಬರ್ತಾನೆ, ಗಾಡಿ ಅವನಿಗೆ ಕೊಡು, ಕಲ್ಯಾಣದಲ್ಲಿ ಒಬ್ಬರು ತಗೊಳ್ತಾರೆ." ಅತ್ತೆ ಕೈ ಚಾಚಿಕೊಂಡು ನಿಂತಿದ್ದರು. ನಾನು ಸ್ಪೀಕರ್ ಒತ್ತಿದೆ. "ವಣಸ್ ಆಂಡಾ ಮಗಾ?" ಎಂದರು ಅವರು, ಊಟವಾಯಿತೇ ಎಂದು, ಅಷ್ಟೇ. "ಆಮೇಲೆ ಮಾತಾಡ್ತೇನೆ ಅಂತ ಅಮ್ಮನಿಗೆ ಹೇಳು" ಎಂದು ನೀವು ನನಗೆ ಹೇಳಿ ಇಟ್ಟಿರಿ. ಅವರು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಎಂದರೆ ಆ ದಿನವೇ ಎಂದುಕೊಂಡು ಸಂಜೆಯವರೆಗೂ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ನಾನು ಕೆಳಗೆ ಹೋಗಿ ಬಾನೆಟ್ ನೋಡಿದೆ. ಹೌದು, ಎಡಗಡೆ ಹಿಂಭಾಗದಲ್ಲಿ ಸ್ವಲ್ಪ ಹೆಚ್ಚಿತ್ತು. ನೀವು ಹೇಳಿದ್ದು ನಿಜ. ಕೀಲಿನ ಬಿಲ್ಲೆ ಒಂದನ್ನು ತೆಗೆದು ಸರಿ ಮಾಡಿದ್ದೇನೆ. ಅಷ್ಟು ದೂರದಿಂದ, ಫೋನಿನ ಪರದೆಯಲ್ಲಿ, ಅಷ್ಟು ಸಣ್ಣದು ನಿಮಗೆ ಕಂಡಿತು.

ಇನ್ನು ವಾಸುವಿನ ವಿಷಯ. ಹೋದ ವಾರ ಅವನು ಗಾಡಿ ಎಳೆಯುವ ಲಾರಿ ತಂದ. ನಾನು ತಡೆಯಲಿಲ್ಲ. ಗಾಡಿ ನಿಮ್ಮ ಹೆಸರಿನಲ್ಲಿದೆ, ಕೀ ತಂದು ಕೊಟ್ಟೆ. ಅಷ್ಟರಲ್ಲಿ ಅತ್ತೆ ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟುಕೊಂಡು ಲಿಫ್ಟಿನಿಂದ ಹೊರಬಂದರು. ಯಾರನ್ನೂ ನೋಡದೆ ಗಾಡಿಯ ಬಾಗಿಲು ತೆಗೆದು ಒಳಗೆ ಕೂತುಬಿಟ್ಟರು. "ವಾಸು, ನನ್ನನ್ನೂ ಸೇರಿಸಿ ಎತ್ತು. ಗಾಡಿಯನ್ನು ಅವ ನೋಡ್ಲಿಕ್ಕೆ ಬರ್ತಾನಲ್ಲ, ಆಗ ನನ್ನನ್ನೂ ನೋಡಿದ ಹಾಗೆ ಆಗ್ತದೆ," ಎಂದರು. ತಮಾಷೆ ಎಂದು ಮೊದಲು ನಾವು ನಕ್ಕೆವು. ಅವರು ನಗಲಿಲ್ಲ. ಸೀಟಿನ ಬೆಲ್ಟು ಹಾಕಿಕೊಂಡರು.

ವಾಸು ಬೆವರಿ ನಿಮಗೆ ಫೋನ್ ಹಚ್ಚಿದ. ಅಮ್ಮನ ಹತ್ತಿರ ನೀವೇ ಒಂದು ಮಾತು ಆಡಿ ಎಂದು ಹೇಳುವುದು ಅವನ ಮನಸ್ಸಿನಲ್ಲಿತ್ತು, ಪಾಪ. ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದ. ನೀವು ಅವನ ಮಾತು ಮುಗಿಯಲು ಬಿಡಲಿಲ್ಲ. "ಅಮ್ಮನನ್ನು ಇಳಿಸಿ ಗಾಡಿ ತೆಗಿ ಮಾರಾಯ. ಈ ನಾಟಕಕ್ಕೆಲ್ಲ ನನಗೆ ಟೈಮ್ ಇಲ್ಲ. ಹುಷಾರು, ಇಳಿಸುವಾಗ ಬಾಗಿಲಿಗೆ ಗೀಚು ಬಿದ್ದೀತು." ವಾಚ್‌ಮನ್ ಇದ್ದ, ಲಾರಿಯವನಿದ್ದ, ಮೇಲಿನ ಮನೆಯ ಚಂದ್ರಬಾಯಿ ತರಕಾರಿ ಚೀಲ ಹಿಡಿದು ನಿಂತಿದ್ದರು. ಎಲ್ಲರೂ ಕೇಳಿದರು.

ಅತ್ತೆ ಬೆಲ್ಟು ಬಿಚ್ಚಿದರು. ದಿಶಾ ಕೈ ಕೊಟ್ಟಳು, ಹಿಡಿಯಲಿಲ್ಲ. ಅಷ್ಟು ತಗ್ಗಿನ ಸೀಟಿನಿಂದ ಒಬ್ಬರೇ ಎದ್ದರು. ಬಾಗಿಲನ್ನು ಎರಡು ಕೈಯಿಂದ ಮೆಲ್ಲಗೆ ಹಾಕಿದರು, ಗೀಚು ಬೀಳದ ಹಾಗೆ. ಅದು ಸದ್ದಿಲ್ಲದೆ ಕೂತಿತು. ಆಮೇಲೆ ವಾಸುವಿನ ಕಡೆ ತಿರುಗಿ, "ತಿಂಡಿ ಆಯ್ತಾ ನಿನಗೆ? ಮೇಲೆ ಬಾ, ನೀರ್‌ದೋಸೆ ಹಿಟ್ಟು ಉಂಟು," ಎಂದರು. ಅವನು ತಲೆ ತಗ್ಗಿಸಿಕೊಂಡು ತಿಂದ. ಅವರು ಒಂದರ ಮೇಲೊಂದು ಬಡಿಸುತ್ತಲೇ ಇದ್ದರು, ಅವನು ಸಾಕು ಎನ್ನಲಿಲ್ಲ. ಕೈತೊಳೆದು ಕೆಳಗೆ ಹೋಗಿ ಲಾರಿಯನ್ನು ಖಾಲಿ ಕಳಿಸಿದ. "ಅತ್ತಿಗೆ, ನನ್ನಿಂದ ಆಗ್ಲಿಕ್ಕಿಲ್ಲ. ಅವನು ಬೇರೆ ಯಾರನ್ನಾದರೂ ಕಳಿಸಲಿ," ಎಂದ. ನಡೆದದ್ದು ಇಷ್ಟೇ.

ಆ ದಿನದಿಂದ ಅತ್ತೆ ನಿಮ್ಮ ಹೆಸರು ಎತ್ತಿಲ್ಲ. ಬೈದಿಲ್ಲ, ಅತ್ತಿಲ್ಲ. ಮೊದಲೆಲ್ಲ ಫೋನ್ ಹೊಡೆದುಕೊಂಡರೆ ಯಾರದು ಎಂದು ತಲೆ ಎತ್ತುತ್ತಿದ್ದರು, ಈಗ ಅಕ್ಕಿ ಆರಿಸುವ ಕೈ ನಿಲ್ಲುವುದಿಲ್ಲ. ಮೂರು ವರ್ಷ ನಾನು ನಿಮ್ಮನ್ನು ದೂರಿದಾಗಲೆಲ್ಲ ನಿಮ್ಮ ಪರವಾಗಿ ಮಾತಾಡಲು ಈ ಮನೆಯಲ್ಲಿ ಒಬ್ಬರಿದ್ದರು. ಈಗ ನಾನು ಸುಮ್ಮನೆ ದೂರಿದರೂ ಎದುರಾಡುವವರಿಲ್ಲ. ಇದರಿಂದ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಗಾಡಿಯನ್ನು ಮತ್ತೆ ಮುಂಡಪ್ಪನ ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ, ಕಣ್ಣೆದುರು ಬೇಡ ಎಂದು. ಕೀ ಅವರ ಹತ್ತಿರವೇ ಇದೆ. ಕಲ್ಯಾಣದವರಿಗೆ ಹೇಳಿ, ಯಾವಾಗ ಬೇಕಾದರೂ ಬಂದು ಒಯ್ಯಲಿ, ನನ್ನ ತಕರಾರಿಲ್ಲ. ಬಾಗಿಲುಗಳನ್ನು ಜೋರಾಗಿ ಎಳೆಯಬಾರದು ಎಂದಷ್ಟೇ ತಿಳಿಸಿ. ಬೆರಳು ತಾಗಿಸಿ ಬಿಟ್ಟರೆ ತಾವಾಗಿ ಕೂರುತ್ತವೆ. ನನ್ನ ಬಗ್ಗೆ ಹೇಳುವುದಾದರೆ, ಹಿತೇಶ್ ತನ್ನ ಗೆಳೆಯನ ಇನ್ನೊಂದು ಫೈಬರ್ ಗಾಡಿ ತಂದಿದ್ದಾನೆ, ಬಾಗಿಲು ಕೂರುವುದಿಲ್ಲವಂತೆ. ಭಾನುವಾರಗಳಲ್ಲಿ ಮಾಡಿಕೊಡುತ್ತೇನೆ ಎಂದು ಒಪ್ಪಿದ್ದೇನೆ. ಇದಕ್ಕೂ ಯಾರನ್ನೂ ಕೇಳಿಲ್ಲ.

ದಿಶಾಳ ಪರೀಕ್ಷೆ ಚೆನ್ನಾಗಿ ಆಯಿತು. ಅವಳೇನೂ ಹೇಳಿ ಕಳಿಸಿಲ್ಲ. ಮೈ ನೋಡಿಕೊಳ್ಳಿ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ನಿಂತು ಕೆಲಸ ಮಾಡಿ. ನಿಮ್ಮ ಜೊತೆಗಿರುವವರಿಗೂ ನನ್ನ ನಮಸ್ಕಾರ ಮುಟ್ಟಿಸಿ.

ಇಂತಿ,
ಮೋಹಿನಿ

ಮತ್ತೆ: ವಾಸು ರಿಕ್ಷಾ ನಿಲ್ಲಿಸಿಕೊಂಡು ಕೆಳಗಿನಿಂದ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅತ್ತೆಗೆ ಕೆಲವು ತಿಂಗಳಿಂದ ಉಸಿರು ಕಟ್ಟುತ್ತಿತ್ತು, ಹೃದಯದ ಕವಾಟ ಹೋಗಿದೆ. ಬರುವ ಬುಧವಾರ ಠಾಣೆಯಲ್ಲಿ ಆಪರೇಷನ್. ಈ ವಯಸ್ಸಿಗೆ ಏನೂ ಹೇಳಲಾಗದು ಎಂದಿದ್ದಾರೆ. ಎಲ್ಲ ಮುಗಿಯುವವರೆಗೆ ನಿಮಗೆ ತಿಳಿಸಕೂಡದು ಎಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹೆಚ್ಚುಕಡಿಮೆಯಾದರೆ ಚಿತೆಗೆ ಬೆಂಕಿ ಕೊಡುವುದು ನೀನೇ ಎಂದು ನಿನ್ನೆ ದಿಶಾಳಿಗೆ ಹೇಳಿದರು. ಎಲ್ಲದಕ್ಕೂ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ, ಅವರ ತುಳುವಿನಲ್ಲೇ "ಆವು ಅಜ್ಜಿ" ಎಂದಳು, ಆಗಲಿ ಎಂದು. ಕೊಟ್ಟ ಮಾತು ಮುರಿದು ನಾನು ನಿಮಗೆ ಹೇಳಿದ್ದೇನೆ. ಬರುವುದು ಬಿಡುವುದು ನಿಮ್ಮ ಇಷ್ಟ. ಬಂದರೆ ಮೊದಲು ಮುಂಡಪ್ಪನ ಶೆಡ್ಡಿಗೆ ಹೋಗಬೇಡಿ.